ಮಧ್ಯಾಹ್ನದ ಆಟದಲ್ಲಿ ಸತ್ತ ಮಗು

ಒಂದೇ ಪಿಕ್ಚರು, ಒಂದೇ ಪರದೆ. ಆದರೆ ಗಂಡ ಕಂಡದ್ದು ಒಂದು, ಹೆಂಡತಿ ಕಂಡದ್ದು ಇನ್ನೊಂದು. ಎರಡು ವಾರದಿಂದ ಆ ಟಾಕೀಸಿನ ಸುತ್ತಮುತ್ತಲ ಬೀದಿಗಳಲ್ಲಿ ಇದೇ ಜಗಳ. ಮಂಗಳವಾರ ಮಧ್ಯಾಹ್ನವಂತೂ ಮೂಲೆ ಅಂಗಡಿಯ ಟೈಲರಮ್ಮ ಗಂಡನ ತೋಳು ಹಿಡಿದು ಎಳೆದುಕೊಂಡೇ ಬಂದು ಟಿಕೆಟ್ ಕಿಂಡಿಯ ಮುಂದೆ ನಿಲ್ಲಿಸಿದಳು. ಗಂಡ ಬಸ್ಸಿನ ಕಂಡಕ್ಟರು. ಡ್ಯೂಟಿ ಮುಗಿಸಿ ಬಂದವನ ಹೆಗಲಲ್ಲಿ ಚರ್ಮದ ಚೀಲ ಇನ್ನೂ ನೇತಾಡುತ್ತಿತ್ತು.

"ಇವರನ್ನೇ ಕೇಳಿಬಿಡೋಣ. ಏನ್ರೀ, ಆ ತಗಡಿನ ಮಗು ಕೊನೇಲಿ ಸತ್ತಿತೋ ಇಲ್ವೋ?"

"ಸಾಯೋಕೆ ಅದೇನು ಹುಟ್ಟಿತ್ತೇನೇ? ಮೆಷೀನು ಅದು," ಅಂದ ಕಂಡಕ್ಟರು.

"ನೀವು ಸುಮ್ನಿರಿ. ಹುಟ್ಟಿದೋರೆಲ್ಲ ಏನು ಕಡಿದು ಕಟ್ಟೆ ಹಾಕಿದಾರೆ ಅಂತ ನಂಗೂ ಗೊತ್ತು."

"ಎದ್ದು ನಡ್ಕೊಂಡು ಹೋಯ್ತು ಅಂತ ಹತ್ತು ಸಲ ಹೇಳಿದೀನಿ. ನನ್ನ ಕಣ್ಣಾರೆ ನೋಡಿದೀನಿ."

"ಹಾಗಾದ್ರೆ ನನ್ನ ಮುಖದಲ್ಲಿರೋದೇನು, ಅಂಗಿ ಗುಂಡಿನಾ?"

ಕಿಂಡಿಯೊಳಗಿನವನು ತಲೆ ಎತ್ತಲೇ ಇಲ್ಲ. "ಟಿಕೆಟ್ ಬೇಕಾ, ಬೇಡ್ವಾ? ಸತ್ತಿದ್ದು ಬದುಕಿದ್ದು ನಮ್ಮ ಇಲಾಖೆ ಅಲ್ಲ."

ಪಿಕ್ಚರಿನ ಕಥೆ ಇಷ್ಟೇ. ಮುಂದೆಂದೋ ಬರುವ ಕಾಲ. ಒಂದು ಕಾರ್ಖಾನೆ ತಗಡು, ತಂತಿ, ರಬ್ಬರಿನಿಂದ ಮಕ್ಕಳನ್ನು ಮಾಡಿ, ಮಕ್ಕಳಿಲ್ಲದ ಮನೆಗಳಿಗೆ ಒಂದೊಂದು ವರ್ಷದ ಮಟ್ಟಿಗೆ ಕೊಡುತ್ತದೆ. ಗಡಿಯಾರ ರಿಪೇರಿ ಮಾಡುವ ಒಂಟಿ ಹೆಂಗಸೊಬ್ಬಳಿಗೆ ಅಂಥದೊಂದು ಮಗು ಬರುತ್ತದೆ. ವರ್ಷ ತುಂಬಿದ ದಿನ, ಕಾರ್ಖಾನೆಯವರು ಬರುವ ಮುಂಚೆ, ಅವಳೇ ಅದರ ಕಿವಿಯ ಹಿಂದಿನ ಸ್ವಿಚ್ಚು ಒತ್ತಿ ಆರಿಸಬೇಕು. ಕರಾರು ಹಾಗಿದೆ. ಅವಳು ಒತ್ತುತ್ತಾಳೆ. ಅಲ್ಲಿಯತನಕ ಯಾರದ್ದೂ ತಕರಾರಿಲ್ಲ. ತಕರಾರೆಲ್ಲ ಅದರ ಆಚೆಗೆ.

ಮನೆಗೆಲಸ ಮುಗಿಸಿ ಮ್ಯಾಟ್ನಿಗೆ ಬರುವ ಹೆಂಗಸರು, ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸುಗಳು, ಪಾಠ ತಪ್ಪಿಸಿ ಬಂದ ಕಾಲೇಜು ಹುಡುಗಿಯರು ಎಲ್ಲರದೂ ಒಂದೇ ಮಾತು: ಕೊಂದಳು, ಮಗು ಸತ್ತಿತು, ಪಿಕ್ಚರ್ ತೆಗೆದವನಿಗೆ ಕರುಳೇ ಇಲ್ಲ. ಕೆಲಸ ಬಿಟ್ಟು ಸಂಜೆ ಆರರ ಫಸ್ಟ್ ಶೋಗೆ ಬರುವ ಗಂಡಸರದು ಬೇರೆ: ಎದ್ದಿತು, ಹೋಯಿತು, ಅಳೋಕೇನಿದೆ? ಮೊದಮೊದಲು ಹೆಂಗಸರ ಮನಸ್ಸು ಮೆತ್ತಗೆ, ಗಂಡಸರದು ಗಟ್ಟಿ, ಅದಕ್ಕೇ ಹೀಗೆ ಎಂದು ಜನ ನಕ್ಕರು. ಎರಡನೇ ವಾರಕ್ಕೆ ನಗು ನಿಂತಿತು. ಕ್ಷೌರದಂಗಡಿಯಲ್ಲಿ ಹುಟ್ಟಿದ ಮಾತೊಂದು ಬೀದಿಯೆಲ್ಲ ಓಡಾಡಿತು. "ಪಿಕ್ಚರ್ ಓಡಿಸೋ ಆಪರೇಟರ್ ಕತ್ತರಿ ಆಡಿಸ್ತಿದಾನೆ. ಮ್ಯಾಟ್ನಿಯಲ್ಲಿ ಕೊನೇ ತುಂಡು ನುಂಗಿ ಚಹಾ ಕುಡಿಯೋಕೆ ಇಳೀತಾನೆ. ಹೆಂಗಸರು ತಾನೇ, ಯಾರು ಕೇಳ್ತಾರೆ ಅಂತ."

ಇದನ್ನೆಲ್ಲ ಪಕ್ಕದ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ಒಬ್ಬಾಕೆ ಕೇಳಿಸಿಕೊಳ್ಳುತ್ತಿದ್ದಳು. ಅವಳನ್ನು ಎಲ್ಲರೂ ಬಾಗಿಲಮ್ಮ ಎನ್ನುತ್ತಿದ್ದರು. ಐವತ್ತೆಂಟರ ವಯಸ್ಸು, ಕೈಯಲ್ಲಿ ಟಾರ್ಚು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಆಟ ಶುರುವಾದ ಮೇಲೆ ತಡವಾಗಿ ಬಂದವರಿಗೆ ಜಾಗ ತೋರಿಸುವುದು, ಆಟ ಮುಗಿದಾಗ ಅಂಗಳದ ಕಡೆಯ ನಾಲ್ಕು ದೊಡ್ಡ ಬಾಗಿಲುಗಳ ಚಿಲಕ ಸರಿಸಿ, ಕಪ್ಪು ಪರದೆ ಎಳೆದು ಜನರನ್ನು ಹೊರಗೆ ಬಿಡುವುದು, ಇದು ಅವಳ ಕೆಲಸ.

ಆ ಟಾಕೀಸಿಗೆ ಅವಳು ಬಂದದ್ದು ಆಪರೇಟರನ ಹೆಂಡತಿಯಾಗಿ. ಪರದೆಯ ಹಿಂದಿನ ಕೋಣೆಯಲ್ಲೇ ಸಂಸಾರ. ಅಡುಗೆ ಮಾಡುತ್ತಲೇ ಗೋಡೆಯಾಚೆಯ ಮಾತು ಕೇಳಿ ಇದು ಎಷ್ಟನೇ ರೀಲು ಎಂದು ಹೇಳುತ್ತಿದ್ದಳು. ಗಂಡ ಖುಷಿಯ ಮನುಷ್ಯ. ಹೆಂಡತಿಗೆ ಮೆಷೀನೂ ಕಲಿಸಿದ. ಕಾರ್ಬನ್ ಕಡ್ಡಿ ಕೂಡಿಸಿ ಬೆಳಕು ಹೊತ್ತಿಸುವುದು, ಪರದೆಯ ಮೂಲೆಯಲ್ಲಿ ಚುಕ್ಕೆ ಮಿನುಗಿದಾಗ ಒಂದು ಮೆಷೀನಿನಿಂದ ಇನ್ನೊಂದಕ್ಕೆ ದಾಟಿಸುವುದು, ಹರಿದ ರೀಲನ್ನು ಅಂಟಿಸುವುದು. ಅವನಿಗೆ ಎದೆಯ ಕಾಯಿಲೆ ಬಂದು ಎರಡು ತಿಂಗಳು ಮಲಗಿದಾಗ ಮೆಷೀನಿನ ಕ್ಯಾಬಿನ್ ನಡೆಸಿದವಳು ಅವಳೇ. ಒಂದು ಆಟವೂ ನಿಲ್ಲಲಿಲ್ಲ. ಗಂಡ ಹೋದ. ತಿಂಗಳು ಕಳೆದ ಮೇಲೆ ಸಾಹುಕಾರರು, ಅಂದರೆ ಟಾಕೀಸಿನ ಮಾಲೀಕರು, ಮೆಷೀನನ್ನು ಕೊಟ್ಟದ್ದು ಸೈಕಲ್ ಶಾಪಿನಲ್ಲಿದ್ದ ಅವಳ ಮೈದುನನಿಗೆ. ಅವಳಿಗೆ ಸಿಕ್ಕದ್ದು ಸ್ಟೂಲು.

"ಕಲಿಸಿಕೊಡಿ ಅತ್ತಿಗೆ," ಎಂದು ಮೈದುನ ಮೊದಲ ದಿನ ಬಂದು ನಿಂತಿದ್ದ.

"ನನ್ನ ಅನ್ನದ ತಟ್ಟೆ ಕಿತ್ಕೊಂಡು, ತಿನ್ನೋದು ಹೇಗೆ ಅಂತ ನನ್ನನ್ನೇ ಕೇಳ್ತೀಯಾ?" ಎಂದಿದ್ದಳು ಅವಳು. ಅದೇ ಕೊನೆ. ಹನ್ನೆರಡು ವರ್ಷವಾಯಿತು, ನೇರ ಮಾತಿಲ್ಲ. ಹೇಳಲೇಬೇಕಾದದ್ದಿದ್ದರೆ ಕ್ಯಾಂಟೀನಿನವಳ ಬಾಯಿಂದ. ಅಷ್ಟೇ ಅಲ್ಲ, ಅವನ ಕೈಯಲ್ಲಿ ಓಡುವ ಪಿಕ್ಚರನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಶಪಥ ಮಾಡಿದ್ದಳು. ಟಾರ್ಚು ಹಿಡಿದು ಒಳಗೆ ಹೋದರೂ ನೆಲ ನೋಡಿಕೊಂಡೇ ಹೋಗುತ್ತಿದ್ದಳು. ಬಾಗಿಲು ತೆಗೆಯುತ್ತಿದ್ದದ್ದು ಕಿವಿಯ ಲೆಕ್ಕದಲ್ಲಿ. ಕೊನೆಯ ಸಂಗೀತ ಏರಿ ಇಳಿದು ಸದ್ದು ಅಡಗಿತೋ, ಚಿಲಕ ಸರಿಯಿತು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಹೆಚ್ಚುಕಡಿಮೆ ಆಗಿರಲಿಲ್ಲ, ಅಥವಾ ಹಾಗೆಂದು ಅವಳು ತಿಳಿದಿದ್ದಳು.

ಟೈಲರಮ್ಮನ ಜಗಳ ಸಾಹುಕಾರರ ಕಿವಿಗೆ ಮುಟ್ಟಲು ತಡವಾಗಲಿಲ್ಲ. ಅಂದೇ ಮ್ಯಾಟ್ನಿ ಬಿಟ್ಟ ಮೇಲೆ ಕ್ಯಾಬಿನ್ನಿನ ಮೆಟ್ಟಿಲ ಕೆಳಗೆ ಅವರು ಮೈದುನನನ್ನು ನಿಲ್ಲಿಸಿಕೊಂಡು ಕೂಗಾಡಿದರು. ಪಿಕ್ಚರ್ ಹಂಚುವ ಕಂಪನಿಯ ತಪಾಸಣೆಯವನೂ ಪಕ್ಕದಲ್ಲಿದ್ದ. ತೆಳ್ಳಗಿನ ಮನುಷ್ಯ, ಬಗಲಲ್ಲಿ ಫೈಲು.

"ಎಷ್ಟು ಅಡಿ ಕತ್ತರಿಸಿದೀಯ? ಎಲ್ಲಿ ಇಟ್ಟಿದೀಯ?"

"ಒಂದಡಿ ಕೂಡ ಕತ್ತರಿಸಿಲ್ಲ ಸಾಹುಕಾರ್ರೇ. ದಿನಾ ಪೂರ್ತಿ ಓಡಿಸ್ತೀನಿ."

"ಹಾಗಾದ್ರೆ ಊರ ಹೆಂಗಸರೆಲ್ಲ ಸೇರಿ ಸುಳ್ಳು ಹೇಳ್ತಿದಾರಾ?"

ತಪಾಸಣೆಯವನು ತಣ್ಣಗೆ ಹೇಳಿದ: "ನಾಳೆ ಮ್ಯಾಟ್ನಿಗೆ ನಾನೇ ಒಳಗೆ ಕೂರ್ತೀನಿ. ಕಳ್ಳತನ ಅಂತ ಗೊತ್ತಾದ್ರೆ ಪಿಕ್ಚರ್ ಡಬ್ಬ ಎತ್ಕೊಂಡು ಹೋಗ್ತೀನಿ, ಇನ್ನು ಮುಂದೆ ನಿಮಗೆ ನಮ್ಮ ಪಿಕ್ಚರ್ ಇಲ್ಲ. ಇವನಿಗೆ ಯಾವ ಟಾಕೀಸಲ್ಲೂ ಕೆಲಸ ಇಲ್ಲ."

ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಬಾಗಿಲಮ್ಮನ ಪೊರಕೆ ನಿಂತಿತು. ಮೊದಲು ಅವಳ ಎದೆಯಲ್ಲಿ ಎದ್ದದ್ದು, ಸುಳ್ಳು ಯಾಕೆ, ಒಂದು ಸಣ್ಣ ಸಂತೋಷವೇ. ಮಾಡಿದ್ದುಣ್ಣೋ ಮಾರಾಯ ಎನ್ನುವಂಥದ್ದು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ನೆನಪಾಯಿತು. ಪಿಕ್ಚರ್ ಬಂದ ಎರಡನೇ ದಿನ ಕ್ಯಾಂಟೀನಿನವಳು ಲೋಟ ತೊಳೆಯುತ್ತ ಹೇಳಿದ್ದಳು: "ನಿಮ್ಮ ಮೈದುನ ಹೇಳಿಕಳಿಸಿದಾನೆ ಕಣಕ್ಕಾ. ಮಧ್ಯಾಹ್ನ ಬಾಗಿಲು ಸ್ವಲ್ಪ ತಡೆದು ತೆಗೀಬೇಕಂತೆ."

"ಪಿಕ್ಚರ್ ಮುಗಿಯೋದು ಯಾವಾಗ ಅಂತ ಸೈಕಲ್ ಶಾಪಿನವನಿಂದ ಕಲೀಬೇಕಾಗಿಲ್ಲ ಅಂತ ಹೇಳು," ಎಂದು ಕಳಿಸಿದ್ದಳು ಅವಳು.

ಈಗ ಮೆಟ್ಟಿಲ ಕೆಳಗೆ ಆ ಸೈಕಲ್ ಶಾಪಿನವನು ತಲೆ ತಗ್ಗಿಸಿ ನಿಂತಿದ್ದ. ಬಾಗಿಲು ಬೇಗ ತೆಗೀತಾರೆ ಎಂಬ ಒಂದು ಮಾತು ಸಾಕಿತ್ತು ಅವನಿಗೆ ಪಾರಾಗಲು. ಆಡಲಿಲ್ಲ. ಅವಳ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲಮ್ಮ ಪೊರಕೆ ಗೋಡೆಗಾನಿಸಿದಳು, ಫಸ್ಟ್ ಶೋ ಮುಗಿಯುವತನಕ ಕೂತಳು, ಬೀಗದ ಕೈ ಕೊಟ್ಟು ಮನೆಗೆ ಹೋದಳು. ಅವಳೂ ಆಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಅವಳನ್ನು ಕಳ್ಳಿ ಎಂದಿರಲಿಲ್ಲ, ಆದರೂ ದಾರಿಯುದ್ದಕ್ಕೂ ಹೆಗಲು ಭಾರವಾಗಿತ್ತು. ಹೇಳಿದರೆ ಸ್ಟೂಲು ಹೋಗುತ್ತದೆ. ಈ ವಯಸ್ಸಿನಲ್ಲಿ ಇನ್ನಾವ ಬಾಗಿಲು ಕಾಯುವುದು? ಅಲ್ಲದೆ ತಪ್ಪು ತನ್ನದೇ ಎಂದು ಖಾತ್ರಿಯಾದರೂ ಎಲ್ಲಿದೆ? ಸದ್ದು ನಿಂತ ಮೇಲೆ ತಾನೇ ತೆಗೆಯುವುದು.

ಬುಧವಾರದ ಮ್ಯಾಟ್ನಿಗೆ ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ತಪಾಸಣೆಯವನು ನಡು ಸಾಲಿನಲ್ಲಿ ಕೂತ. ಸಾಹುಕಾರರು ಹಿಂದೆ ನಿಂತರು. ಬಾಗಿಲಮ್ಮ ಎಂದಿನಂತೆ ಹೊರಗೆ, ಮರದ ಬಾಗಿಲಿಗೆ ಕಿವಿ ಹಚ್ಚಿ. ಒಳಗಿನ ಒಂದೊಂದು ಸದ್ದೂ ಅವಳಿಗೆ ಬಾಯಿಪಾಠ. ಗಡಿಯಾರಗಳ ಟಿಕ್ ಟಿಕ್. ಮಗು ಕೇಳುವುದು: "ಅಮ್ಮಾ, ನಾಳೆ ಲೋಟ ಯಾರು ತೊಳೀತಾರೆ?" ತಾಯಿಯ ಉಸಿರು. ಸ್ವಿಚ್ಚಿನ ಸದ್ದು. ಗಡಿಯಾರಗಳೆಲ್ಲ ಒಂದೇ ಸಲ ನಿಂತವು.

ನಿಶ್ಶಬ್ದ.

ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಮೊದಲ ಬಾಗಿಲು ತೆರೆದಾಗಿರುತ್ತಿತ್ತು. ಇಂದು ಅವಳು ಕೈಯನ್ನು ಅಲ್ಲೇ ತಡೆದಳು. ಒಂದು, ಎರಡು, ಮೂರು ಎಂದು ಎಣಿಸಿದಳು. ಒಳಗೆ ಯಾರೂ ಕೆಮ್ಮಲಿಲ್ಲ, ಯಾರೂ ಏಳಲಿಲ್ಲ, ಕುರ್ಚಿ ಮಡಚಿದ ಸದ್ದಿಲ್ಲ. ಮುಗಿದಿದ್ದರೆ ಜನ ಏಳಬೇಕಿತ್ತಲ್ಲ? ಮೂವತ್ತು ಎಣಿಸಿದ ಮೇಲೆ ಅವಳು ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ನುಸುಳಿ, ಕಪ್ಪು ಪರದೆಯನ್ನು ಎರಡು ಬೆರಳಷ್ಟು ಸರಿಸಿದಳು. ಹನ್ನೆರಡು ವರ್ಷದ ಮೇಲೆ ತಲೆ ಎತ್ತಿ ನೋಡಿದಳು.

ಪರದೆಯ ಮೇಲೆ ಒಂದು ಕತ್ತಲೆಯ ಮನೆ. ಏನೂ ಕಾಣದಷ್ಟು ಮಬ್ಬು. ಕಣ್ಣು ಹೊಂದಿಕೊಂಡ ಮೇಲೆ ಮಂಚದ ಅಂಚು ಕಂಡಿತು. ಆಮೇಲೆ ಮಗುವಿನ ಕಣ್ಣು, ತೆರೆದುಕೊಳ್ಳುತ್ತಿತ್ತು. ಆರಿದ್ದು ಅದರ ಕಿವಿ ಮಾತ್ರವೋ ಏನೋ, ಅದಕ್ಕೇನೂ ಕೇಳಿಸುತ್ತಿರಲಿಲ್ಲ, ಆದ್ದರಿಂದ ನೋಡುವವರಿಗೂ ಏನೂ ಕೇಳಿಸುತ್ತಿರಲಿಲ್ಲ. ಅದು ಎದ್ದಿತು. ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ ತಾಯಿಯನ್ನು ನೋಡಿತು. ಲೋಟ ತೊಳೆದು ಬೋರಲು ಹಾಕಿತು. ಬಾಗಿಲ ಕಡೆ ನಡೆಯಿತು, ಅದನ್ನು ತಳ್ಳಿ ಹೊರಗೆ ಹೋಯಿತು. ನಾಲ್ಕು ನಿಮಿಷ, ಒಂದು ಸದ್ದಿಲ್ಲ.

ಬಾಗಿಲಮ್ಮನಿಗೆ ಈಗ ಇನ್ನೊಂದೂ ಹೊಳೆಯಿತು. ಫಸ್ಟ್ ಶೋ ಗಂಡಸರು ಬಾಗಿಲು ತೆಗೆದು ಎಷ್ಟು ಹೊತ್ತಾದರೂ ಹೊರಗೆ ಬರುತ್ತಿರಲಿಲ್ಲ. 'ಸೋಮಾರಿಗಳು, ಏಳೋಕೂ ಮುಹೂರ್ತ ನೋಡ್ತಾರೆ' ಎಂದು ಬೈದುಕೊಂಡಿದ್ದಳು. ಅವರು ಈ ಕತ್ತಲೆ ಮನೆಯನ್ನು ನೋಡುತ್ತ ಕೂತಿದ್ದರು. ಆಗ ಹೊರಗೂ ಕತ್ತಲೆ. ಮಧ್ಯಾಹ್ನದವರ ಪರದೆಯ ಮೇಲೆ ಮಾತ್ರ ಅವಳು ದಿನಾ ನಾಲ್ಕು ಬಾಗಿಲ ಬಿಸಿಲು ಸುರಿದಿದ್ದಳು.

ದೀಪ ಹೊತ್ತಿತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತ, ಬೆರಗಾಗಿ, ಒಬ್ಬರ ಮುಖ ಒಬ್ಬರು ನೋಡುತ್ತ ಪಕ್ಕದ ಸಣ್ಣ ಬಾಗಿಲಿನಿಂದಲೇ ಹೊರಟರು. ಇನ್ನೇನು, ಎಲ್ಲ ಸರಿಹೋಯಿತಲ್ಲ ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ತಪಾಸಣೆಯವನ ದನಿ ಕೇಳಿತು.

"ನೋಡಿದ್ರಾ? ನಾನು ಕೂತ ದಿನ ಪೂರ್ತಿ ಓಡಿತು. ಇನ್ನೇನು ಸಾಕ್ಷಿ ಬೇಕು? ತುಂಡು ಇವನ ಹತ್ರಾನೇ ಇತ್ತು, ಇವತ್ತು ಅಂಟಿಸಿದಾನೆ."

"ಇಳಿಯೋ ಕೆಳಗೆ!" ಸಾಹುಕಾರರು ಕ್ಯಾಬಿನ್ನಿನ ಕಿಂಡಿಯತ್ತ ಗರ್ಜಿಸಿದರು. "ಬೀಗದ ಕೈ ಇಟ್ಟು ಇಳಿ!"

ಬಾಗಿಲಮ್ಮ ಸಾಲುಗಳ ನಡುವೆ ಬಂದು ನಿಂತಳು. "ಅವನದಲ್ಲ ತಪ್ಪು. ನಂದು. ಸದ್ದು ನಿಂತ ಕೂಡ್ಲೇ ಬಾಗಿಲು ತೆಗೀತಿದ್ದೆ. ಬಿಸಿಲು ಬಿದ್ದು ಪರದೆ ಮೇಲೆ ಏನೂ ಕಾಣ್ತಿರಲಿಲ್ಲ. ಇವತ್ತು ತೆಗೀಲಿಲ್ಲ, ಅದಕ್ಕೇ ಕಾಣ್ತು."

ಸಾಹುಕಾರರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹನ್ನೆರಡು ವರ್ಷ ಮುಖ ನೋಡದೋಳು ಇವತ್ತು ಮೈದುನನಿಗೆ ವಕೀಲಿಕೆ ಮಾಡೋಕೆ ಬಂದ್ಯಾ? ಪಿಕ್ಚರನ್ನೇ ನೋಡದೋಳಿಗೆ ಕೊನೆ ಹೇಗೆ ಗೊತ್ತು?"

"ಈಗ ನೋಡಿದೆ."

"ಮಾತಲ್ಲಿ ಮಂಟಪ ಕಟ್ಟಬೇಡಿ," ಅಂದ ತಪಾಸಣೆಯವನು. "ನಾನು ಹೇಗೆ ನಂಬಲಿ?"

ಅವಳು ಅಂಗಳದ ಕಡೆ ತಿರುಗಿದಳು. ಬಾಗಿಲ ಸಂದಿಯಲ್ಲಿ ಬಿಸಿಲು ಇನ್ನೂ ಗೆರೆ ಎಳೆದಿತ್ತು. ಎದುರಿನ ಉಗ್ರಾಣದ ಗೋಡೆಯ ಹಿಂದೆ ಹೊತ್ತು ಇಳಿಯಲು ಹೆಚ್ಚೆಂದರೆ ಕಾಲು ಗಂಟೆ. ಇಳಿದರೆ ಇವತ್ತಿಗೆ ಬಿಸಿಲಿಲ್ಲ, ನಾಳೆಗೆ ಮೈದುನನಿಲ್ಲ.

"ಇಲ್ಲೇ ಕೂತಿರಿ. ಎದ್ದು ಹೋಗ್ಬೇಡಿ," ಎಂದು ಅವರಿಬ್ಬರಿಗೂ ಹೇಳಿ, ತಲೆ ಎತ್ತಿ ಕ್ಯಾಬಿನ್ನಿನ ಕಿಂಡಿಗೆ ಕೂಗಿದಳು. "ಏ ಮೈದುನಾ! ಕೊನೇ ರೀಲು ಬಿಚ್ಚಬೇಡ. ಬಂದೆ."

ಮೇಲೆ ಏನೋ ಕೈಜಾರಿ ನೆಲಕ್ಕೆ ಬಿದ್ದ ಸದ್ದು. ಬಾಗಿಲಲ್ಲಿ ನಿಂತಿದ್ದ ಕ್ಯಾಂಟೀನಿನವಳು ಬಾಯಿಗೆ ಕೈಯಿಟ್ಟುಕೊಂಡಳು.

ಇಪ್ಪತ್ತಮೂರು ಮೆಟ್ಟಿಲು. ಮಂಡಿ ನೋವಿನ ಬಾಗಿಲಮ್ಮ ಎರಡೆರಡು ಹತ್ತಿದಳೆಂದು ಆಮೇಲೆ ಕ್ಯಾಂಟೀನಿನವಳು ಹೇಳುತ್ತಿದ್ದಳು, ಅದು ಅವಳ ಉತ್ಪ್ರೇಕ್ಷೆ. ಆದರೆ ಮೇಲೆ ಮುಟ್ಟಿದಾಗ ಅವಳಿಗೆ ಉಸಿರಿರಲಿಲ್ಲ. ಮೈದುನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಅವನ ತಲೆಯೂ ಹಣ್ಣಾಗಿತ್ತು. ಇಷ್ಟು ಹತ್ತಿರದಿಂದ ಅವಳು ಅದನ್ನು ನೋಡಿರಲಿಲ್ಲ.

"ಸುತ್ತೋಕೆ ನಾನು. ನೀನು ಕಡ್ಡಿ ನೋಡ್ಕೋ, ಬೆಳಕು ಹೊತ್ತಿಸು," ಎಂದು ಅವಳು ರೀಲನ್ನು ಸುತ್ತುವ ಮೇಜಿಗೆ ಹಾಕಿ ಹಿಡಿ ತಿರುಗಿಸತೊಡಗಿದಳು.

"ಅತ್ತಿಗೆ, ಜೋಪಾನ. ಅಂಚು ಕೈ ಕೊಯ್ಯುತ್ತೆ."

"ನಂಗೆ ಹೇಳಿಕೊಡ್ಬೇಡ." ನಾಲ್ಕು ಸುತ್ತಾದ ಮೇಲೆ, ತಲೆ ಎತ್ತದೆ, ಕೇಳಿದಳು: "ನಿನ್ನೆ ಯಾಕೆ ಹೇಳಲಿಲ್ಲ ಸಾಹುಕಾರರಿಗೆ? ಬಾಗಿಲು ಅಂತ ಒಂದು ಮಾತು."

ಅವನು ಕಡ್ಡಿಯ ತುದಿ ಕೆರೆಯುತ್ತಿದ್ದ. "ಮೆಷೀನು ಹೋಯ್ತು ನಿಮ್ಮ ಕೈಯಿಂದ. ಬಾಗಿಲೂ ನನ್ನ ಬಾಯಿಂದಲೇ ಹೋಗ್ಬೇಕಾ ಅಂದ್ಕೊಂಡೆ."

ಅವಳು ಹಿಡಿ ತಿರುಗಿಸುತ್ತಲೇ ಇದ್ದಳು. ರೀಲಿನ ಬಾಲ ಇಷ್ಟು ದಪ್ಪ ಸುತ್ತಿದರೆ ಐದು ನಿಮಿಷ. ಕೈಗೆ ಅದು ಇನ್ನೂ ನೆನಪಿತ್ತು. "ಸಾಕು. ಹಾಕು ಇದನ್ನ. ನಾನು ಕೆಳಗೆ ಮುಟ್ಟಿದ ಮೇಲೆ ಓಡಿಸು."

ಅವಳು ಕಂಬಿ ಹಿಡಿದು ಇಳಿದು ಅಂಗಳಕ್ಕೆ ಬಂದಳು. ಉಗ್ರಾಣದ ತಾರಸಿಗೂ ಸೂರ್ಯನಿಗೂ ನಡುವೆ ಒಂದು ಗೇಣು ಉಳಿದಿತ್ತು. ಒಳಗೆ ದೀಪ ಆರಿತು. ಗಡಿಯಾರಗಳ ಸದ್ದು, ತಾಯಿಯ ಉಸಿರು, ಸ್ವಿಚ್ಚು, ನಿಶ್ಶಬ್ದ. ಅವಳು ಚಿಲಕ ಸರಿಸಿದಳು. ಒಂದು. ಎರಡು. ಮೂರನೆಯದಕ್ಕೆ ಎರಡೂ ಕೈ ಬೇಕಾಯಿತು. ನಾಲ್ಕು. ಕಪ್ಪು ಪರದೆಗಳನ್ನು ಹಿಡಿದೆಳೆದಳು.

ಬಿಸಿಲು ಒಳಗೆ ನುಗ್ಗಿತು. ತಪಾಸಣೆಯವನು ಮುಖಕ್ಕೆ ಫೈಲು ಅಡ್ಡ ಹಿಡಿದ. ಪರದೆ ಒಗೆದು ಹರವಿದ ಬಿಳಿ ಬಟ್ಟೆಯಂತೆ ಬೋಳಾಗಿತ್ತು. ಮನೆಯಿಲ್ಲ, ಮಂಚವಿಲ್ಲ, ಮಗುವಿಲ್ಲ.

"ಓಡ್ತಿದೆಯಾ ಮೇಲೆ?" ಸಾಹುಕಾರರು ಕೇಳಿದರು.

"ಓಡ್ತಿದೆ," ಕಿಂಡಿಯಿಂದ ಮೈದುನನ ದನಿ. "ಈಗ ಲೋಟ ತೊಳೀತಿದೆ."

ಯಾರಿಗೂ ಲೋಟ ಕಾಣಲಿಲ್ಲ. ತಪಾಸಣೆಯವನು ಪರದೆಯ ತೀರಾ ಹತ್ತಿರ ಹೋಗಿ, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಬಿಸಿಲು ಗೋಡೆಯ ಹಿಂದೆ ಜಾರಿತು. ಆಗ, ಕೊನೆಯ ಗಳಿಗೆಗೆ, ಬಾಗಿಲು ದಾಟುತ್ತಿದ್ದ ಮಗುವಿನ ಬೆನ್ನು ಅವನ ಮೂಗಿನ ಮುಂದೆ ತೇಲಿ ಬಂತು. ಅವನು ಫೈಲು ಮುಚ್ಚಿದ.

"ಡಬ್ಬ ಇಲ್ಲೇ ಇರ್ಲಿ," ಅಂದ. ಅಷ್ಟೇ.

ಸಾಹುಕಾರರು ಅಷ್ಟಕ್ಕೆ ಬಿಡುವವರಲ್ಲ. "ಎರಡು ವಾರ ಊರ ಹೆಂಗಸರಿಗೆ ಅರ್ಧ ಪಿಕ್ಚರ್ ತೋರಿಸಿದೀಯಲ್ಲಮ್ಮ. ಅವನು ಹೇಳಿಕಳಿಸಿರಲಿಲ್ವಾ?"

"ಹೇಳಿಕಳಿಸಿದ್ದ. ಕೇಳಲಿಲ್ಲ ನಾನು."

ಅವಳು ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಳು. ಕೊನೆಗೆ ಸಾಹುಕಾರರೆಂದರು: "ಬೀಗದ ಕೈ ಇಟ್ಕೋ. ಆದ್ರೆ ನಿನ್ನ ಕಿವಿ ಮೇಲೆ ಇನ್ನು ಈ ಟಾಕೀಸು ನಡೆಯಲ್ಲ. ಮೇಲಿಂದ ಗಂಟೆ ಬಾರಿಸ್ತಾನೆ. ಗಂಟೆ ಆದ ಮೇಲೇ ನೀನು ಚಿಲಕ ಮುಟ್ಟಬೇಕು. ಅದಕ್ಕೆ ಮುಂಚೆ ಮುಟ್ಟಿದ್ಯೋ, ಅವತ್ತೇ ಮನೆಗೆ."

ಸ್ಟೂಲು ಉಳಿಯಿತು, ಕಿವಿಯ ಮಾನ ಹೋಯಿತು. ಮಾರನೇ ಬೆಳಗ್ಗೆ ಮೈದುನ ತಂತಿ ಎಳೆದು ಅವಳ ತಲೆಯ ಮೇಲಿನ ಗೋಡೆಗೆ ಸೈಕಲ್ಲಿನ ಗಂಟೆಯೊಂದನ್ನು ಕಟ್ಟಿದ. ಅವಳು ಮೊಳೆ ಹಿಡಿದುಕೊಟ್ಟಳು.

ಗುರುವಾರದ ಮ್ಯಾಟ್ನಿಗೆ ಸೀಟು ಸಾಲದಷ್ಟು ಜನ. ಟೈಲರಮ್ಮ ಗಂಡನಿಗೆ ರಜೆ ಹಾಕಿಸಿ ಕರೆತಂದಿದ್ದಳು. ಗಂಟೆಯಾಗಿ ಬಾಗಿಲು ತೆರೆದಾಗ ಬಾಗಿಲಮ್ಮ ಅಂದುಕೊಂಡಿದ್ದಳು, ಇನ್ನು ಜಗಳ ಮುಗಿಯಿತು, ಎಲ್ಲರೂ ಒಂದೇ ಪಿಕ್ಚರ್ ನೋಡಿದರಲ್ಲ ಎಂದು. ಎಲ್ಲಿಯ ಮಾತು!

"ನೋಡಿದ್ಯಾ? ಎದ್ದು ಹೋಯ್ತು ತಾನೇ? ಈಗೇನಂತೀಯಾ?" ಕಂಡಕ್ಟರ್ ಎದೆ ಸೆಟೆಸಿ ಹೊರಬಂದ.

"ಎದ್ದು ಹೋಗಿದ್ದು ಮಗುವಿನ ದೊಡ್ಡಗುಣ. ಅವಳು ಒತ್ತಿದ್ದು ಒತ್ತಿದ್ದೇ ಅಲ್ವಾ?"

"ಮಗು ಬದುಕಿತಲ್ಲೇ!"

"ಬದುಕಿದ್ರೆ? ಒತ್ತುವಾಗ ಅವಳಿಗೇನು ಗೊತ್ತಿತ್ತಾ ಅದು ಏಳುತ್ತೆ ಅಂತ?"

ಹಿಂದಿನಿಂದ ಒಬ್ಬ ನರ್ಸು ಟೈಲರಮ್ಮನ ಪರ ನಿಂತಳು, ಇನ್ನೊಬ್ಬಳು ಕಂಡಕ್ಟರನ ಪರ. ಅಂಗಳದಲ್ಲಿ ಗುಂಪು ಕಟ್ಟಿತು. ಟೈಲರಮ್ಮ ಸ್ಟೂಲಿನ ಕಡೆ ತಿರುಗಿದಳು. "ನೀವೂ ನೋಡಿದೀರಂತಲ್ಲ ಬಾಗಿಲಮ್ಮ, ನೀವು ಹೇಳಿ. ಒತ್ತಿದೋಳನ್ನ ಸುಮ್ನೆ ಬಿಟ್ಟುಬಿಡೋದಾ?"

ಬಾಗಿಲಮ್ಮ ಟಾರ್ಚನ್ನು ಮಡಿಲಲ್ಲಿಟ್ಟುಕೊಂಡಳು. ಮಂಗಳವಾರ ಪೊರಕೆ ಗೋಡೆಗಾನಿಸಿ, ಮೈದುನನ ಪರ ಒಂದು ಮಾತೂ ಆಡದೆ ಮನೆಗೆ ನಡೆದುಹೋದವಳು ಅವಳೇ ತಾನೇ.

"ಒತ್ತಿದ್ದು ಒತ್ತಿದ್ದೇ," ಅಂದಳು. "ಆದ್ರೆ ಪಿಕ್ಚರಿನಲ್ಲಿ ಅವಳು ದಿನಾ ರಾತ್ರಿ ಬಾಗಿಲಿಗೆ ಚಿಲಕ ಹಾಕ್ತಿದ್ಲು. ಆ ಸದ್ದು ನಂಗೆ ಚೆನ್ನಾಗಿ ಗೊತ್ತು, ಎರಡು ವಾರ ಕೇಳಿದೀನಿ. ಕೊನೇ ರಾತ್ರಿ ಮಗು ಬಾಗಿಲು ಹೀಗೆ ತಳ್ತು, ತೆರ್ಕೊಳ್ತು. ಚಿಲಕ ಹಾಕಿರಲಿಲ್ಲ. ಅದನ್ನ ನೋಡಿದ್ಯಾ?"

ಟೈಲರಮ್ಮ ನೋಡಿರಲಿಲ್ಲ. ಕಂಡಕ್ಟರನೂ ನೋಡಿರಲಿಲ್ಲ.

"ಮರೆತಿದ್ದಾಳೆ, ಪಾಪ, ದುಃಖದಲ್ಲಿ," ಅಂದ ಅವನು.

"ಮರೆಯೋದಾ? ವರ್ಷವಿಡೀ ಹಾಕಿದೋಳು ಅವತ್ತು ಮರೀತಾಳಾ? ಬೇಕಂತಲೇ ಬಿಟ್ಟಿದಾಳೆ!"

"ಈಗ ನೀನೇ ಅವಳ ಪರ ಮಾತಾಡ್ತಿದೀಯಲ್ಲೇ!"

"ನಾನ್ಯಾರ ಪರಾನೂ ಅಲ್ಲ. ನಡೀರಿ, ಇನ್ನೊಂದ್ಸಲ ನೋಡೋಣ."

ಅವರು ಕೈ ಬೀಸಿ ವಾದಿಸುತ್ತ ಟಿಕೆಟ್ ಕಿಂಡಿಯ ಕಡೆ ಹೋದರು. ಗುಂಪಿನ ಅರ್ಧ 'ಮರೆತಳು' ಎನ್ನುತ್ತ, ಇನ್ನರ್ಧ 'ಬೇಕೆಂದೇ' ಎನ್ನುತ್ತ ಅವರ ಹಿಂದೆ. ಬಾಗಿಲಮ್ಮ ಒಳಗೆ ಹೋಗಿ, ಮಡಚದೆ ಬಿಟ್ಟುಹೋದ ಕುರ್ಚಿಗಳನ್ನು ಒಂದೊಂದಾಗಿ ಮಡಚತೊಡಗಿದಳು.